ಪ್ರಿನ್ಸ್ ಆಂದ್ರೇಯ್ ಬೊಲ್ಕೋನ್‌ಸ್ಕಿಯ ಹಿಂದೆ ಇದ್ದವರು ಯಾರು?

(ಓದುಗರ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಸಂಜೆ ಓದು

ನಮ್ಮ ಬಡಾವಣೆಯ ಓದುಗರ ಬಳಗ ಈ ಸಲ ಧೈರ್ಯ ಮಾಡಿ ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ಕೈಗೆತ್ತಿಕೊಂಡಿದೆ. 1805ರಲ್ಲಿ ನೆಪೋಲಿಯನ್ ರಷ್ಯನ್ನರನ್ನು ಸೋಲಿಸಿದ ಆಸ್ಟರ್‌ಲಿಟ್ಜ್ ಕದನದವರೆಗೆ ಬಂದಿದ್ದೇವೆ. ಕಾದಂಬರಿಯ ನಾಯಕರಲ್ಲೊಬ್ಬನಾದ ಪ್ರಿನ್ಸ್ ಆಂದ್ರೇಯ್‌ಗೆ ಮಾದರಿಯಾದ ನಿಜ ವ್ಯಕ್ತಿ ಯಾರು ಎಂಬ ವಿಷಯದಲ್ಲಿ ಕಳೆದ ಭಾನುವಾರ ದೊಡ್ಡ ವಾಗ್ವಾದವೇ ನಡೆಯಿತು. ಆಂದ್ರೇಯ್‌ನ ತಂದೆ ಮುದುಕ ಬೊಲ್ಕೋನ್‌ಸ್ಕಿ ಎಂದರೆ ಟಾಲ್‌ಸ್ಟಾಯ್ ಅವರ ತಾಯಿಯ ತಂದೆ, ತಂಗಿ ಮಾರ್ಯಾ ಎಂದರೆ ಟಾಲ್‌ಸ್ಟಾಯ್ ಅವರ ತಾಯಿ, ನಿಕೊಲಾಯ್ ರೊಸ್ತೋವ್ ಎಂದರೆ ತಂದೆ, ದೆನೀಸೋವ್ ಎಂದರೆ ಕವಿ ಹಾಗೂ ಹುಸಾರ್ (ಹಗುರ ಅಶ್ವದಳ) ಅಧಿಕಾರಿ ದೆನೀಸ್ ದವೀದೋವ್. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ. ಆದರೆ ಆಂದ್ರೇಯ್ ಯಾರು? ಒಬ್ಬರು ರಷ್ಯನ್ ಸೇನಾಪತಿ ಕುತುಜೋವ್ ಅವರ ಅಳಿಯ ಟೀಸೆನ್‌ಹೌಸೆನ್ ಎಂದರು, ಇನ್ನೊಬ್ಬರು ಪ್ರಿನ್ಸ್ ರೆಪ್ನಿನ್ ಎಂದರು, ಮೂರನೆಯವರು 1812ರಲ್ಲಿ ಮಾಸ್ಕೋ ಬಳಿಯ ಬೊರೊಡಿನೊ ಕದನದಲ್ಲಿ ಸತ್ತ ತುಚ್ಕೋವ್ ಎಂದು ಹಟ ಹಿಡಿದರು. ಒಂದೇ ಪಾತ್ರಕ್ಕೆ ಇಷ್ಟು ಜನ ವಾರಸುದಾರರು ಹೇಗೆ ಬಂದರು? ತಿಳಿದವರು ಹೇಳಬೇಕು.

ಅಡಿಟಿಪ್ಪಣಿ

ಈ ಪ್ರಶ್ನೆಯನ್ನು ನಿಮಗಿಂತ ಮೊದಲು ಲೇಖಕರನ್ನೇ ನೇರವಾಗಿ ಕೇಳಿದವರೊಬ್ಬರಿದ್ದಾರೆ. ಕಾದಂಬರಿಯ ಮೊದಲ ಭಾಗ ‘1805’ ಎಂಬ ಹೆಸರಿನಲ್ಲಿ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲ. ಟಾಲ್‌ಸ್ಟಾಯ್ ಅವರ ತಾಯಿಯ ಕಡೆಯ ಬಂಧು, ಪ್ರಿನ್ಸೆಸ್ ಲೂಯಿಸಾ ವೊಲ್ಕೋನ್‌ಸ್ಕಾಯಾ, ಈ ಆಂದ್ರೇಯ್ ನಮ್ಮ ಮನೆತನದ ಯಾರು ಎಂದು ಕಾಗದ ಬರೆದು ಕೇಳಿದರು. 1865ರ ಮೇ ತಿಂಗಳಿನಲ್ಲಿ ಟಾಲ್‌ಸ್ಟಾಯ್ ಕೊಟ್ಟ ಉತ್ತರದ ಸಾರ ಇಷ್ಟು: ಅವನು ಯಾರೂ ಅಲ್ಲ. ಆಸ್ಟರ್‌ಲಿಟ್ಜ್ ಕದನದಲ್ಲಿ ಸಾಯಲು ನನಗೊಬ್ಬ ತೇಜಸ್ವಿ ಯುವಕ ಬೇಕಿತ್ತು. ಮುಂದಿನ ಕಥೆಗೆ ಬೇಕಾಗಿದ್ದವರು ಮುದುಕ ಬೊಲ್ಕೋನ್‌ಸ್ಕಿ ಮತ್ತು ಮಗಳು ಮಾತ್ರ. ಕಥೆಯ ಯಾರಿಗೂ ಸಂಬಂಧವಿಲ್ಲದವನನ್ನು ವರ್ಣಿಸುವುದು ಸರಿ ಕಾಣಲಿಲ್ಲವಾದ್ದರಿಂದ ಅವನನ್ನು ಮುದುಕನ ಮಗನನ್ನಾಗಿ ಮಾಡಿದೆ. ಆಮೇಲೆ ಅವನ ಮೇಲೆ ನನಗೇ ಆಸಕ್ತಿ ಹುಟ್ಟಿತು. ಮುಂದೆಯೂ ಅವನಿಗೆ ಕೆಲಸವಿದೆ ಎನ್ನಿಸಿತು. ಹಾಗಾಗಿ ಪ್ರಾಣ ತೆಗೆಯದೆ, ಬರೀ ಭಾರೀ ಗಾಯ ಮಾಡಿ ಬಿಟ್ಟೆ.

1868ರಲ್ಲಿ ಬರೆದ ಲೇಖನದಲ್ಲಿ ಇನ್ನೂ ಖಡಕ್ಕಾಗಿ ಹೇಳಿದ್ದಾರೆ. ಬೊಲ್ಕೋನ್‌ಸ್ಕಿ, ದ್ರುಬೆತ್ಸ್‌ಕೊಯ್ ಮುಂತಾದ ಹೆಸರುಗಳನ್ನು ರಷ್ಯನ್ ಕಿವಿಗೆ ಪರಿಚಿತವಾಗಿರಲಿ ಎಂದು ಇಟ್ಟದ್ದೇ ಹೊರತು ಯಾರ ಚಿತ್ರವನ್ನೂ ಬರೆದಿಲ್ಲ ಎಂದು. ಅವರು ಒಪ್ಪಿಕೊಂಡದ್ದು ಎರಡೇ ಪಾತ್ರಗಳನ್ನು: ದೆನೀಸೋವ್ ಮತ್ತು ಆ ಗಟ್ಟಿಬಾಯಿಯ ಅಜ್ಜಿ ಅಖ್ರೋಸಿಮೊವಾ.

ಅಡ್ಡಪ್ರಶ್ನೆ

ಲೇಖಕರು ಹಾಗೆ ಹೇಳದೆ ಇನ್ನು ಹೇಗೆ ಹೇಳುತ್ತಾರೆ? ಕೇಳಿದವರು ನೆಂಟರು. ‘ಹೌದಮ್ಮ, ನಿಮ್ಮ ಮನೆಯವನನ್ನೇ ಬರೆದೆ’ ಎಂದು ಒಪ್ಪಿಕೊಂಡಿದ್ದರೆ ಮುಂದಿನ ಮದುವೆ ಮುಂಜಿಗೆ ಮುಖ ತೋರಿಸುವ ಹಾಗಿರುತ್ತಿತ್ತೇ? ಅದೇ 1868ರ ಲೇಖನದಲ್ಲಿ ಮುದುಕ ಬೊಲ್ಕೋನ್‌ಸ್ಕಿಯನ್ನೂ ಒಪ್ಪಿಕೊಂಡಿಲ್ಲ ತಾನೇ? ಆದರೂ ಅವನು ತಾತನೇ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಹಾಗಾಗಿ ಲೇಖಕರ ಹೇಳಿಕೆಯನ್ನು ಪಕ್ಕಕ್ಕಿಟ್ಟು ಕದನದ ದಾಖಲೆ ನೋಡೋಣ. ಟೀಸೆನ್‌ಹೌಸೆನ್ ಕಥೆ ಪೂರ್ತಿ ಹೇಳಿ ನೋಡೋಣ.

ಅಡಿಟಿಪ್ಪಣಿ

ಹೇಳುತ್ತೇನೆ. ಕೌಂಟ್ ಫರ್ಡಿನಂಡ್ ಟೀಸೆನ್‌ಹೌಸೆನ್ ಬಾಲ್ಟಿಕ್ ಜರ್ಮನ್ ಮನೆತನದವರು, 1782ರಲ್ಲಿ ಹುಟ್ಟಿದವರು. ಇಂದಿನ ಎಸ್ಟೋನಿಯಾದ ತಾಲಿನ್ ಆಗ ರೆವಾಲ್ ಆಗಿತ್ತು, ಆ ಕಡೆಯವರು. ಚಕ್ರವರ್ತಿ ಮೊದಲನೆಯ ಅಲೆಕ್ಸಾಂಡರ್ ಅವರ ಸಹಾಯಕ ಅಧಿಕಾರಿ. ಕುತುಜೋವ್ ಅವರ ಮಗಳು ಎಲಿಜವೆತಾಳನ್ನು ಮದುವೆಯಾಗಿದ್ದರು. 1805ರ ಡಿಸೆಂಬರ್ 2ರಂದು ಪ್ರಾಟ್ಸೆನ್ ದಿಣ್ಣೆಯ ಮೇಲೆ ರಷ್ಯನ್ ಪಡೆ ದಿಕ್ಕೆಟ್ಟು ಓಡತೊಡಗಿದಾಗ ಅವರು ಬಾವುಟ ಹಿಡಿದು, ಚದುರಿದ್ದ ಬೆಟಾಲಿಯನ್ನನ್ನು ಒಟ್ಟುಗೂಡಿಸಿ ಮುನ್ನುಗ್ಗಿದರು. ಗುಂಡು ತಗುಲಿ, ಕೆಲವು ದಿನಗಳಲ್ಲಿ ತೀರಿಕೊಂಡರು. ವಯಸ್ಸು ಇಪ್ಪತ್ತಮೂರು. ಕದನದ ದಿನ ಕಲ್ಲಿನಂತೆ ಇದ್ದ ಕುತುಜೋವ್ ಆಮೇಲೆ ಒಬ್ಬರೇ ಕುಳಿತು ಅತ್ತರಂತೆ; ಕೇಳಿದ್ದಕ್ಕೆ ‘ನಿನ್ನೆ ನಾನು ಸೇನಾಪತಿ, ಇವತ್ತು ತಂದೆ’ ಎಂದರಂತೆ. ಈ ಮಾತು ದಂತಕಥೆಯ ಜಾತಿಗೆ ಸೇರಿದ್ದು, ಆದರೆ ರಷ್ಯಾದಲ್ಲಿ ತುಂಬ ಓಡಾಡಿದೆ.

ಈಗ ಕಾದಂಬರಿಯನ್ನು ಪಕ್ಕದಲ್ಲಿಡಿ. ಕುತುಜೋವ್ ಕೆನ್ನೆಗೆ ಗಾಯವಾಗಿದೆ, ಇದು ಇತಿಹಾಸದಲ್ಲೂ ನಿಜ. ಓಡುತ್ತಿರುವ ಸೈನಿಕರನ್ನು ತೋರಿಸಿ ಅವರು ನಡುಗುವ ದನಿಯಲ್ಲಿ ಆಂದ್ರೇಯ್ ಹೆಸರು ಹಿಡಿದು ಕರೆಯುತ್ತಾರೆ. ಆಂದ್ರೇಯ್ ಕುದುರೆಯಿಂದ ಹಾರಿ, ಬಾವುಟದ ಕೋಲು ಹಿಡಿದು ಓಡುತ್ತಾನೆ. ಆ ಕೋಲಿನ ಭಾರ ತಡೆಯಲಾರದೆ ಎಳೆದುಕೊಂಡೇ ಓಡುತ್ತಾನೆ ಎಂಬುದನ್ನು ಗಮನಿಸಿ. ವೀರಗಾಥೆ ಬರೆಯುವವರಿಗೆ ಬಾವುಟ ಎಂದೂ ಭಾರವಾಗಿರುವುದಿಲ್ಲ. ಕದನದ ನಂತರ ಕುತುಜೋವ್ ಮುದುಕ ತಂದೆಗೆ ಬರೆಯುವ ಕಾಗದದಲ್ಲಿ, ನಿಮ್ಮ ಮಗ ನನ್ನ ಕಣ್ಣೆದುರೇ ಬಾವುಟ ಹಿಡಿದು ಬಿದ್ದ ಎನ್ನುತ್ತಾರೆ. ನಿಜವಾದ ಕುತುಜೋವ್ ಕಣ್ಣೆದುರು ಬಿದ್ದದ್ದು ಸ್ವಂತ ಅಳಿಯ.

ಆದರೆ ಅಂದು ಬಾವುಟ ಹಿಡಿದವರು ಅವರೊಬ್ಬರೇ ಅಲ್ಲ. ಪ್ಯೋತ್ರ್ ಮಿಖಾಯ್ಲೊವಿಚ್ ವೊಲ್ಕೋನ್‌ಸ್ಕಿ ಎಂಬ ಇನ್ನೊಬ್ಬ ಪ್ರಿನ್ಸ್ ಫನಗೋರಿಯಾ ರೆಜಿಮೆಂಟಿನ ಬಾವುಟ ಎತ್ತಿಕೊಂಡು ದಾಳಿ ನಡೆಸಿದರು. ಅವರು ಬದುಕಿ ಉಳಿದು, ಮುಂದೆ ಚಕ್ರವರ್ತಿಯ ಸಿಬ್ಬಂದಿ ಮುಖ್ಯಸ್ಥರಾಗಿ, ಫೀಲ್ಡ್ ಮಾರ್ಷಲ್ ಪದವಿಯವರೆಗೆ ಏರಿದರು.

ಅಡ್ಡಪ್ರಶ್ನೆ

ಅಲ್ಲಿಗೆ ಮುಗಿಯಿತಲ್ಲ! ಒಬ್ಬರ ಬಾವುಟ, ಇನ್ನೊಬ್ಬರ ಮನೆತನದ ಹೆಸರು. ಕೂಡಿಸಿದರೆ ಆಂದ್ರೇಯ್.

ನೀಲಗಿರಿ ಎಲೆ

ಅಷ್ಟು ಸುಲಭಕ್ಕೆ ಬಿಡುವ ಹಾಗಿಲ್ಲ ಸರ್. ರೆಪ್ನಿನ್ ಅವರನ್ನು ಮರೆತಿರಿ. ನಿಕೊಲಾಯ್ ರೆಪ್ನಿನ್-ವೊಲ್ಕೋನ್‌ಸ್ಕಿ ಹುಟ್ಟಿನಿಂದ ವೊಲ್ಕೋನ್‌ಸ್ಕಿಯೇ. ತಾಯಿಯ ತಂದೆ ಫೀಲ್ಡ್ ಮಾರ್ಷಲ್ ರೆಪ್ನಿನ್ ಗಂಡು ಸಂತಾನವಿಲ್ಲದೆ 1801ರಲ್ಲಿ ತೀರಿಕೊಂಡಾಗ, ಹೆಸರು ಅಳಿಯಬಾರದೆಂದು ಚಕ್ರವರ್ತಿಯ ಆಜ್ಞೆಯಿಂದ ರೆಪ್ನಿನ್ ಎಂಬುದೂ ಸೇರಿತು. ಆಸ್ಟರ್‌ಲಿಟ್ಜ್‌ನಲ್ಲಿ ಅಶ್ವರಕ್ಷಕ ರೆಜಿಮೆಂಟಿನ ನಾಲ್ಕನೆಯ ಸ್ಕ್ವಾಡ್ರನ್ನನ್ನು ನಡೆಸಿದರು. ಆ ದಾಳಿಯಲ್ಲಿ ಸ್ಕ್ವಾಡ್ರನ್ ಬಹುಪಾಲು ನಾಶವಾಯಿತು. ಅವರು ಗಾಯಗೊಂಡು ಸೆರೆಯಾದರು, ನೆಪೋಲಿಯನ್ ಮುಂದೆ ನಿಂತರು. ಫ್ರೆಂಚ್ ಚಿತ್ರಕಾರ ಜೆರಾರ್ ಬರೆದ ಆಸ್ಟರ್‌ಲಿಟ್ಜ್ ಚಿತ್ರದಲ್ಲಿಯೂ ರೆಪ್ನಿನ್ ಇದ್ದಾರೆ.

ಗಾಯಗೊಂಡ ಪ್ರಿನ್ಸ್, ಸೆರೆ, ನೆಪೋಲಿಯನ್ ಜೊತೆ ಮುಖಾಮುಖಿ. ಈ ಮೂರೂ ಆಂದ್ರೇಯ್ ಪಾಲಿಗೆ ಬಂದವು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಟಾಲ್‌ಸ್ಟಾಯ್ ಅದೇ ದೃಶ್ಯದಲ್ಲಿ ನಿಜವಾದ ರೆಪ್ನಿನ್ ಅವರನ್ನೂ ತಂದಿದ್ದಾರೆ! ಕೈದಿಗಳ ಸಾಲಿನಲ್ಲಿ ನೆಪೋಲಿಯನ್ ಮೊದಲು ಮಾತನಾಡಿಸುವುದು ಅವರನ್ನೇ. ರೆಪ್ನಿನ್ ಸೊಗಸಾಗಿ, ಘನತೆಯಿಂದ ಉತ್ತರಿಸುತ್ತಾರೆ. ಪಕ್ಕದಲ್ಲಿದ್ದ ಹುಡುಗ ಸುಖ್ತೆಲೆನ್ ಕೂಡ ಚುರುಕಾಗಿ ಮಾತು ತಿರುಗಿಸುತ್ತಾನೆ. ಆಮೇಲೆ ನೆಪೋಲಿಯನ್ ಆಂದ್ರೇಯ್ ಕಡೆ ತಿರುಗಿ ಹೇಗಿದ್ದೀರಿ ಎಂದು ಕೇಳಿದಾಗ ಅವನು ಬಾಯಿಯೇ ಬಿಡುವುದಿಲ್ಲ. ಅವನಿಗೆ ಆ ಎತ್ತರದ ಆಕಾಶದ ಮುಂದೆ ನೆಪೋಲಿಯನ್ ತೀರ ಸಣ್ಣವನಾಗಿ ಕಾಣುತ್ತಾನೆ.

ಇತಿಹಾಸದಲ್ಲಿ ನಡೆದ ಸಂಭಾಷಣೆಯನ್ನು ಅದರ ಮಾಲೀಕರಿಗೇ ಬಿಟ್ಟು, ತಾನು ಕಲ್ಪಿಸಿದವನಿಗೆ ಟಾಲ್‌ಸ್ಟಾಯ್ ಮೌನ ಕೊಟ್ಟರು. ರೆಪ್ನಿನ್ ಅವರೇ ಆಂದ್ರೇಯ್ ಆಗಿದ್ದರೆ ಇಬ್ಬರನ್ನೂ ಅಕ್ಕಪಕ್ಕ ಮಲಗಿಸುವ ಅಗತ್ಯ ಏನಿತ್ತು?

ಸಂಜೆ ಓದು

ಇದನ್ನು ನಾವು ಯಾರೂ ಗಮನಿಸಿರಲಿಲ್ಲ ಮೇಡಂ. ರೆಪ್ನಿನ್ ಎಂಬುದು ಇನ್ನೊಂದು ರಷ್ಯನ್ ಹೆಸರು ಎಂದುಕೊಂಡು ಮುಂದೆ ಹೋಗಿದ್ದೆವು.

ಹಳೇ ಫಿರಂಗಿ

ನಾನು ಸೇನೆಯಲ್ಲಿ ಫಿರಂಗಿ ದಳದಲ್ಲಿದ್ದು ನಿವೃತ್ತನಾದವನು. ಸಾಹಿತ್ಯ ಹೆಚ್ಚು ಗೊತ್ತಿಲ್ಲ, ಈ ಪುಸ್ತಕ ಮಾತ್ರ ಗೊತ್ತು. ಇಲ್ಲಿಯವರೆಗೆ ನೀವೆಲ್ಲರೂ ಬಾವುಟದ ಹಿಂದೆ ಬಿದ್ದಿದ್ದೀರಿ. ಒಬ್ಬ ಅಧಿಕಾರಿಯನ್ನು ಗುರುತಿಸಬೇಕಾದರೆ ಅವನು ದಿನನಿತ್ಯ ಮಾಡುವ ಕೆಲಸ ನೋಡಬೇಕು. ಆಂದ್ರೇಯ್ 1805ರಲ್ಲಿ ಸೇನಾಪತಿಯ ಎಡಿಸಿ, ಅಂದರೆ ಆಪ್ತ ಸಹಾಯಕ ಅಧಿಕಾರಿ. ದೊಡ್ಡ ಮನೆತನದ ಹುಡುಗರಿಗೆ ಸಿಗುತ್ತಿದ್ದ ಜಾಗ ಅದು. ಅಲ್ಲಿದ್ದವರಿಗೆ ಮುಂಚೂಣಿಯವರನ್ನು ಕಂಡರೆ ತಾತ್ಸಾರ, ಮುಂಚೂಣಿಯವರಿಗೆ ಇವರನ್ನು ಕಂಡರೆ ಮೈ ಉರಿ. ರೊಸ್ತೋವ್ ಮೊದಲ ಸಲ ಆಂದ್ರೇಯ್ ಮುಂದೆ ಸಿಡಿದೇಳುವುದು ಇದೇ ಕಾರಣಕ್ಕೆ. ಎರಡೂ ಕಡೆಯ ಮನಸ್ಸನ್ನು ಬಲ್ಲವನು ಮಾತ್ರ ಆ ದೃಶ್ಯ ಬರೆಯಬಲ್ಲ.

ಆಸ್ಟರ್‌ಲಿಟ್ಜ್‌ಗೆ ಮೊದಲಿನ ಷೋನ್‌ಗ್ರಾಬರ್ನ್ ಕಾಳಗದಲ್ಲಿ ಕ್ಯಾಪ್ಟನ್ ತೂಷಿನ್ ಅವರ ಫಿರಂಗಿಗಳ ಬಳಿಗೆ ಆಂದ್ರೇಯ್ ಹೋಗುತ್ತಾನಲ್ಲ, ಹಿಂದೆ ಸರಿಯಲು ಆಜ್ಞೆ ತಂದವನು ಆಜ್ಞೆ ಹೇಳಿ ವಾಪಸಾಗದೆ ಗುಂಡುಗಳ ಮಧ್ಯೆ ನಿಂತು ಫಿರಂಗಿ ಎಳೆಸುತ್ತಾನೆ. ಮೊದಲು ಬಂದಿದ್ದ ಅಧಿಕಾರಿ ಕೂಗಿ ಹೇಳಿ ಓಡಿಹೋಗಿದ್ದ. ಆ ರಾತ್ರಿ ಜನರಲ್ ಬಗ್ರತಿಯೋನ್ ಮುಂದೆ ತೂಷಿನ್ ಬಾಯಿ ಕಟ್ಟಿ ನಿಂತಾಗ ಅವರ ಪರ ಮಾತನಾಡುವವನೂ ಇವನೇ. ಈ ಆಂದ್ರೇಯ್ ನನಗೆ ಬೇಕಾದವನು, ಬಾವುಟದವನಲ್ಲ.

ಈ ಅನುಭವ ಬಂದದ್ದು ಎಲ್ಲಿಂದ? ಕ್ರೈಮಿಯಾ ಯುದ್ಧದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಬಂದರು, 1855ರ ಸೆವಾಸ್ತೊಪೋಲ್. ಕೌಂಟ್ ಟಾಲ್‌ಸ್ಟಾಯ್ ಸ್ವತಃ ಫಿರಂಗಿ ದಳದ ಅಧಿಕಾರಿ, ನಾಲ್ಕನೆಯ ಬುರುಜಿನಲ್ಲಿ ಕೆಲಸ ಮಾಡಿದವರು. ಮುತ್ತಿಗೆಯ ಅತ್ಯಂತ ಅಪಾಯದ ಜಾಗಗಳಲ್ಲಿ ಅದೊಂದು. ಅದೇ ವರ್ಷ ಸೇನೆಯ ಸುಧಾರಣೆಗೆಂದು ಒಂದು ಯೋಜನೆ ಬರೆಯಲೂ ಕುಳಿತಿದ್ದರು, ಸೈನಿಕರ ದುರವಸ್ಥೆ ಮತ್ತು ಅಧಿಕಾರಿಗಳ ಅಯೋಗ್ಯತೆಯ ಮೇಲೆ ಕಿಡಿ ಕಾರುತ್ತ. ಕಾದಂಬರಿಯಲ್ಲಿ ಆಂದ್ರೇಯ್ ಸುಧಾರಣಾವಾದಿ ರಾಜಕಾರಣಿ ಸ್ಪೆರಾನ್‌ಸ್ಕಿಯ ಕಾಲದಲ್ಲಿ ಸೇನಾ ನಿಯಮಗಳ ಸಮಿತಿ ಸೇರುವುದು, ಬೇಸತ್ತು ಹೊರಬರುವುದು ಓದಿದಾಗ ನನಗೆ ಟೀಸೆನ್‌ಹೌಸೆನ್ ನೆನಪಾಗುವುದಿಲ್ಲ, ಆ ಯೋಜನೆ ನೆನಪಾಗುತ್ತದೆ.

ಬೊರೊಡಿನೊ ನೋಡಿ. ಆಂದ್ರೇಯ್ ಆಗ ರೆಜಿಮೆಂಟಿನ ಕಮಾಂಡರ್. ಚಕ್ರವರ್ತಿಯ ಬಳಿ ಉಳಿಯುವ ಅವಕಾಶ ಬಿಟ್ಟು ಕೇಳಿ ಪಡೆದ ಹುದ್ದೆ. ಮೀಸಲು ಪಡೆಯಾಗಿ ನಿಂತ ಜಾಗದಲ್ಲೇ, ಒಂದು ಗುಂಡೂ ಹಾರಿಸದೆ, ಮೂರನೆಯ ಒಂದು ಪಾಲು ಜನ ನೆಲಕ್ಕುರುಳುತ್ತಾರೆ. ಕಮಾಂಡರ್‌ಗೆ ಮಾಡಲು ಕೆಲಸವಿಲ್ಲ. ಹುಲ್ಲುಗಾವಲಿನಲ್ಲಿ ಹೆಜ್ಜೆ ಎಣಿಸುತ್ತ ಅತ್ತಿತ್ತ ಓಡಾಡುತ್ತಾನೆ. ಆಗ ಒಂದು ಗ್ರೆನೇಡ್ ಬಂದು ಬಿದ್ದು ಬುಗುರಿಯಂತೆ ತಿರುಗತೊಡಗುತ್ತದೆ. ಪಕ್ಕದವನು ನೆಲಕ್ಕೆ ಬಿದ್ದು ಕೂಗುತ್ತಾನೆ. ಆಂದ್ರೇಯ್ ಮಲಗುವುದಿಲ್ಲ, ಎಲ್ಲರೂ ತನ್ನನ್ನು ನೋಡುತ್ತಿದ್ದಾರೆಂಬ ಅರಿವು ಅವನಿಗೆ. ಮೇ ತಿಂಗಳ ಸೆವಾಸ್ತೊಪೋಲ್ ಬಗ್ಗೆ ಟಾಲ್‌ಸ್ಟಾಯ್ ಬರೆದ ಕಥೆಯಲ್ಲಿ ಪ್ರಸ್ಕೂಖಿನ್ ಎಂಬ ಅಧಿಕಾರಿ ಸಾಯುವ ಗಳಿಗೆ ಓದಿ. ಅದೇ ಬಾಂಬು, ಸಿಡಿಯುವ ಮುನ್ನಿನ ಅದೇ ಒಂದು ಕ್ಷಣ ಹಿಗ್ಗಿ ಹಿಗ್ಗಿ ನಿಲ್ಲುವುದು. ಪ್ರಸ್ಕೂಖಿನ್ ನೆಲಕ್ಕೆ ಒರಗಿದ, ಇವನು ಒರಗಲಿಲ್ಲ; ವ್ಯತ್ಯಾಸ ಅಷ್ಟೇ. ಬೊರೊಡಿನೊದಲ್ಲಿ ಸಿಡಿದ ಗುಂಡು ಕ್ರೈಮಿಯಾದಿಂದ ಬಂದದ್ದು.

ಸಂಜೆ ಓದು

ಸರ್, ಅವನು ಬೊರೊಡಿನೊದಲ್ಲಿ ಗಾಯಗೊಳ್ಳುತ್ತಾನೆಂದು ಹೇಳಿಯೇಬಿಟ್ಟಿರಲ್ಲ! ನಾವಿನ್ನೂ 1805ರಲ್ಲಿದ್ದೇವೆ.

ಅಡ್ಡಪ್ರಶ್ನೆ

ಪುಸ್ತಕ ಮುಗಿದದ್ದು 1869ರಲ್ಲಿ. ಗುಟ್ಟು ಕಾಯುವ ಅವಧಿ ತೀರಿದೆ ಎಂದು ಭಾವಿಸೋಣ.

ಸಂಜೆ ಓದು

ಆಗಲಿ, ಹೇಗೂ ತಿಳಿದಾಯಿತು. ಹಾಗಾದರೆ ತುಚ್ಕೋವ್ ವಿಷಯವನ್ನೂ ಹೇಳಿಬಿಡಿ. ನಮ್ಮ ಮೂರನೆಯವರು ಈಗಲೂ ಪಟ್ಟು ಬಿಟ್ಟಿಲ್ಲ.

ಅಡಿಟಿಪ್ಪಣಿ

ತುಚ್ಕೋವ್ ಸಹೋದರರು ಹಲವರು, ಸೇನೆಯಲ್ಲಿ ಸಂಖ್ಯೆ ಹಾಕಿಯೇ ಕರೆಯುತ್ತಿದ್ದರು. ಮೊದಲನೆಯ ನಿಕೊಲಾಯ್ ಬೊರೊಡಿನೊದಲ್ಲಿ ಗಾಯಗೊಂಡು ಆಮೇಲೆ ತೀರಿಕೊಂಡರು. ನಿಮ್ಮವರು ಹೇಳುತ್ತಿರುವುದು ನಾಲ್ಕನೆಯ ಅಲೆಕ್ಸಾಂಡರ್ ಇರಬೇಕು. ಬಗ್ರತಿಯೋನ್ ರಕ್ಷಣಾ ದಿಬ್ಬಗಳ ಬಳಿ ಸೈನಿಕರು ಹಿಂಜರಿದಾಗ ಬಾವುಟ ಹಿಡಿದು ಮುಂದೆ ನುಗ್ಗಿ ಸತ್ತವರು. ಶವ ಸಿಗಲೇ ಇಲ್ಲ. ಹೆಂಡತಿ ಮಾರ್ಗರಿತಾ ಕದನದ ಮೈದಾನಕ್ಕೆ ಬಂದು ಹೆಣಗಳ ನಡುವೆ ಹುಡುಕಾಡಿದಳು. ಕೊನೆಗೆ ಗಂಡ ಬಿದ್ದ ಜಾಗದಲ್ಲೇ ಚರ್ಚು ಕಟ್ಟಿಸಿ, ಅದು ಸ್ಪಾಸೊ-ಬೊರೊಡಿನೊ ಮಠವಾಗಿ ಬೆಳೆದು, ಅಲ್ಲಿಯೇ ಸನ್ಯಾಸಿನಿಯಾಗಿ ಮಠದ ಮುಖ್ಯಸ್ಥೆಯಾದಳು. ಟಾಲ್‌ಸ್ಟಾಯ್ 1867ರ ಸೆಪ್ಟೆಂಬರಿನಲ್ಲಿ ಹೆಂಡತಿಯ ಪುಟ್ಟ ತಮ್ಮನನ್ನು ಕರೆದುಕೊಂಡು ಬೊರೊಡಿನೊಗೆ ಹೋಗಿ, ಮೈದಾನವೆಲ್ಲ ಸುತ್ತಿ, ನಕ್ಷೆ ಬರೆದುಕೊಂಡು ಬಂದರು. ಈ ಕಥೆ ಕಿವಿಗೆ ಬೀಳದೆ ಇರಲು ಸಾಧ್ಯವಿಲ್ಲ.

ಆದರೂ ಆಂದ್ರೇಯ್ ಸಾವು ತುಚ್ಕೋವ್ ಸಾವಿಗೆ ತದ್ವಿರುದ್ಧ. ತುಚ್ಕೋವ್ ಕೈಯಲ್ಲಿ ಬಾವುಟ, ಮುಂದೆ ಶತ್ರು. ಆಂದ್ರೇಯ್ ಕೈ ಖಾಲಿ, ಶತ್ರು ಕಣ್ಣಿಗೂ ಬೀಳುವುದಿಲ್ಲ. ಬಾವುಟ ಹಿಡಿದು ಓಡುವ ಪಾಲನ್ನು 1805ರಲ್ಲೇ ಮುಗಿಸಿ, 1812ಕ್ಕೆ ಬೇರೆಯದನ್ನೇ ಉಳಿಸಿಕೊಂಡರು. ಹಾಗಾಗಿ ನನ್ನ ಮತ ತುಚ್ಕೋವ್‌ಗೆ ಇಲ್ಲ.

ಸಾವಿನ ಹಾಸಿಗೆಯ ದೃಶ್ಯಕ್ಕೆ, ಆ ಯಾರೊಸ್ಲಾವ್ಲ್ ಮನೆಯಲ್ಲಿ ಅವನು ಬದುಕಿರುವವರಿಂದ ದೂರ ದೂರ ಸರಿಯುವುದಕ್ಕೆ, ಮೂಲ ಕದನಗಳಲ್ಲಿ ಸಿಗುವುದಿಲ್ಲ. ಅಣ್ಣ ನಿಕೊಲಾಯ್ 1860ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಇಯೆರ್ ಪಟ್ಟಣದಲ್ಲಿ ಕ್ಷಯದಿಂದ ತೀರಿಕೊಂಡಾಗ ಟಾಲ್‌ಸ್ಟಾಯ್ ಪಕ್ಕದಲ್ಲಿದ್ದರು. ಆ ಅಣ್ಣನೂ ಕಾಕಸಸ್‌ನಲ್ಲಿ ಅಧಿಕಾರಿಯಾಗಿದ್ದವನು.

ನೀಲಗಿರಿ ಎಲೆ

ಈಗ ಮನೆಯೊಳಗೆ ಬನ್ನಿ. ಪಾತ್ರದ ಬೇರು ಅಲ್ಲಿದೆ ಎಂಬುದು ನನ್ನ ವಾದ.

ತಾತ ನಿಕೊಲಾಯ್ ಸೆರ್ಗೆಯೆವಿಚ್ ವೊಲ್ಕೋನ್‌ಸ್ಕಿ (1753–1821) ಕಾಲಾಳು ಪಡೆಯ ಜನರಲ್. ಪೌಲ್ ಚಕ್ರವರ್ತಿಯ ಕಾಲದಲ್ಲಿ ನಿವೃತ್ತರಾಗಿ ಯಾಸ್ನಯಾ ಪೊಲ್ಯಾನಾದಲ್ಲಿ ಕೂತರು. ಎಸ್ಟೇಟಿನ ಬಾಗಿಲಿನಲ್ಲಿ ಇವತ್ತಿಗೂ ನಿಂತಿರುವ ಎರಡು ದುಂಡನೆಯ ಗೋಪುರಗಳು ಅವರ ಕಾಲದವು. ಹೆಂಡತಿ ಬೇಗ ತೀರಿಕೊಂಡಿದ್ದರು. ಮಗಳು ಮರಿಯಾಗೆ ತಾವೇ ನಿಂತು ವಿದ್ಯೆ ಕಲಿಸಿದರು. ಹಲವು ಭಾಷೆ ಬಲ್ಲ, ರೂಪವತಿಯಲ್ಲದ ಆ ಮಗಳಿಗೆ ತಂದೆ ತೀರಿಕೊಂಡ ಮರುವರ್ಷ, 1822ರಲ್ಲಿ, ಮೂವತ್ತು ದಾಟಿದ ಮೇಲೆ ಮದುವೆಯಾಯಿತು. ಗಂಡ ನಿಕೊಲಾಯ್ ಟಾಲ್‌ಸ್ಟಾಯ್, ಸಾಲದಲ್ಲಿ ಮುಳುಗಿದ್ದ ಮನೆತನದ ಮಾಜಿ ಸೈನ್ಯಾಧಿಕಾರಿ. ಮಾರ್ಯಾ ಮತ್ತು ರೊಸ್ತೋವ್ ಕಥೆ ಹೆಚ್ಚು ಕಡಿಮೆ ಹಾಗೆಯೇ ಇದೆ.

ಈ ಮನೆಯಲ್ಲಿ ಇಲ್ಲದವನು ಒಬ್ಬನೇ. ಮರಿಯಾ ಒಬ್ಬಳೇ ಮಗಳು. ಅವಳಿಗೆ ಅಣ್ಣ ಇರಲೇ ಇಲ್ಲ. ಟಾಲ್‌ಸ್ಟಾಯ್‌ಗೆ ಎರಡು ವರ್ಷವೂ ತುಂಬದಿದ್ದಾಗ, 1830ರಲ್ಲಿ ತಾಯಿ ತೀರಿಕೊಂಡರು. ಮುಖ ನೆನಪಿಲ್ಲ. ಬಾಲ್ಯದ ಒಂದು ನೆರಳುಚಿತ್ರ ಬಿಟ್ಟರೆ ತಾಯಿಯ ಚಿತ್ರವೂ ಇರಲಿಲ್ಲ. ಹಾಗಿರುವ ತಾಯಿಗೆ ಕಾದಂಬರಿಯಲ್ಲಿ ಒಬ್ಬ ಅಣ್ಣನನ್ನು ಕೊಟ್ಟರು, ಹಟಮಾರಿ ತಾತನಿಗೆ ಸರಿಸಾಟಿಯಾದ ಮಗನನ್ನು ಕೊಟ್ಟರು. ಯುದ್ಧಕ್ಕೆ ಹೊರಟ ಆಂದ್ರೇಯ್ ಕೊರಳಿಗೆ ಮಾರ್ಯಾ ವಿಗ್ರಹ ಕಟ್ಟುವ ದೃಶ್ಯವನ್ನು, ಮುದುಕ ಕೊನೆಯಲ್ಲಿ ಗದರಿಸಿ ಬಾಗಿಲು ಬಡಿದುಕೊಳ್ಳುವುದನ್ನು ಮತ್ತೆ ಓದಿ ನೋಡಿ. ಲೂಯಿಸಾಗೆ ಬರೆದ ಕಾಗದ ನಿಜವನ್ನೇ ಹೇಳುತ್ತಿದೆ: ಮೊದಲು ಕದನಕ್ಕೆ ಬೇಕಾದ ಯಾರೋ ಒಬ್ಬ, ಆಮೇಲೆ ತಾತನ ಮಗ. ಮಗನಾದ ಗಳಿಗೆಯಿಂದ ಅವನನ್ನು ಕೊಲ್ಲಲು ಲೇಖಕರಿಗೆ ಕೈ ಬರಲಿಲ್ಲ.

ಅಡ್ಡಪ್ರಶ್ನೆ

ಮೇಡಂ, ಕೊನೆಗೆ ಕೊಂದರಲ್ಲ!

ನನಗೆ ಬೇರೊಂದು ಗುಮಾನಿ ಇದೆ. ರೆಪ್ನಿನ್ ಅವರ ತಮ್ಮ ಸೆರ್ಗೇಯ್ ವೊಲ್ಕೋನ್‌ಸ್ಕಿ. ನೆಪೋಲಿಯನ್ ವಿರುದ್ಧ ಕಾದಾಡಿ ಜನರಲ್ ಆದವರು. ಚಕ್ರವರ್ತಿಯ ವಿರುದ್ಧ ನಡೆದ 1825ರ ಡಿಸೆಂಬರ್ ದಂಗೆಯ ಗುಂಪಿನಲ್ಲಿದ್ದು, ಸೈಬೀರಿಯಾಕ್ಕೆ ಗಡೀಪಾರಾಗಿ, 1856ರಲ್ಲಿ ಕ್ಷಮೆ ಸಿಕ್ಕಿ ಮರಳಿದವರು. ಟಾಲ್‌ಸ್ಟಾಯ್ 1860ರ ಕೊನೆಯಲ್ಲಿ ಫ್ಲಾರೆನ್ಸ್‌ನಲ್ಲಿ ಅವರನ್ನು ಕಂಡರು. ಆ ಹೊತ್ತಿಗೇ ದಂಗೆಕೋರರ ಬಗ್ಗೆ ಕಾದಂಬರಿ ಆರಂಭಿಸಿ, ಅದರ ಬೇರು ಹುಡುಕುತ್ತ 1825ರಿಂದ 1812ಕ್ಕೆ, 1812ರಿಂದ 1805ಕ್ಕೆ ಹಿಂದೆ ಸರಿದದ್ದೇ ಈ ಪುಸ್ತಕ. ತನ್ನ ಜೀತದ ರೈತರಲ್ಲಿ ಮುನ್ನೂರು ಮಂದಿಯನ್ನು ಬಿಡುಗಡೆ ಮಾಡುವ ಆಂದ್ರೇಯ್ 1825ರವರೆಗೆ ಬದುಕಿದ್ದರೆ ಎಲ್ಲಿರುತ್ತಿದ್ದ? ಗೆಳೆಯ ಪಿಯೆರ್ ಪಕ್ಕದಲ್ಲಿ, ಅಲ್ಲಿಂದ ಸೈಬೀರಿಯಾದಲ್ಲಿ. ಉಪಸಂಹಾರದಲ್ಲಿ ಅವನ ಮಗ ಪುಟ್ಟ ನಿಕೊಲಾಯ್ ಕಾಣುವ ಕನಸು ಅದನ್ನೇ ಹೇಳುತ್ತದೆ.

ಅಡಿಟಿಪ್ಪಣಿ

ಸೆರ್ಗೇಯ್ ಮುಖ ಆಂದ್ರೇಯ್‌ಗಿಂತ ಆ ಅಪೂರ್ಣ ಕಾದಂಬರಿಯ ಮುದುಕ ನಾಯಕನಿಗೆ ಹೆಚ್ಚು ಹೊಂದುತ್ತದೆ. ಆದರೆ ನಿಮ್ಮ ‘ಬದುಕಿದ್ದರೆ’ ಎಂಬ ಪ್ರಶ್ನೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಆರಂಭದ ಕರಡಿನಲ್ಲಿ ಆಂದ್ರೇಯ್ ಬೊರೊಡಿನೊ ಗಾಯದಿಂದ ಚೇತರಿಸಿಕೊಂಡು, ತಾನು ಪ್ರೀತಿಸಿದ ನತಾಷಾ ರೊಸ್ತೋವಾಳನ್ನು ಪಿಯೆರ್‌ಗೆ ಬಿಟ್ಟುಕೊಟ್ಟು ಮತ್ತೆ ಸೇನೆಗೆ ಹೋಗುತ್ತಾನೆ. ಅವಳ ತಮ್ಮ ಪೇತ್ಯಾ ಕೂಡ ಬದುಕುತ್ತಾನೆ. ಆ ಹಂತದಲ್ಲಿ ಪುಸ್ತಕಕ್ಕೆ ‘ಅಂತ್ಯ ಶುಭವಾದರೆ ಎಲ್ಲವೂ ಶುಭ’ ಎಂಬರ್ಥದ ಹೆಸರನ್ನೂ ಯೋಚಿಸಿದ್ದರು. ಒಬ್ಬನೇ ಮನುಷ್ಯನಿಗೆ ಒಮ್ಮೆ ಮರಣದಂಡನೆ, ಒಮ್ಮೆ ಕ್ಷಮಾದಾನ, ಮತ್ತೊಮ್ಮೆ ಮರಣದಂಡನೆ. ಟೀಸೆನ್‌ಹೌಸೆನ್ ಅಥವಾ ತುಚ್ಕೋವ್ ಚರಿತ್ರೆ ಬರೆಯುತ್ತಿದ್ದವರಿಗೆ ಈ ಸ್ವಾತಂತ್ರ್ಯ ಎಲ್ಲಿ ಸಿಗುತ್ತಿತ್ತು?

ಹಳೇ ಫಿರಂಗಿ

ಚರಿತ್ರೆ ಎಂದಾಗ ನೆನಪಾಯಿತು. ಬೊರೊಡಿನೊದಲ್ಲಿ ಹದಿಹರೆಯದಲ್ಲೇ ಕಾಲು ಕಳೆದುಕೊಂಡ ಫಿರಂಗಿ ಅಧಿಕಾರಿ ಅವ್ರಾಮ್ ನೊರೋವ್, ಮುಂದೆ ಶಿಕ್ಷಣ ಮಂತ್ರಿಯಾದವರು, ಈ ಕಾದಂಬರಿ ಓದಿ ಕೆಂಡವಾದರು. ಕದನದ ಮೊದಲು ಕುತುಜೋವ್ ಫ್ರೆಂಚ್ ಕಾದಂಬರಿ ಓದುತ್ತಿದ್ದರು ಎಂದು ಬರೆದದ್ದನ್ನು ಕಂಡು, ಆ ದಿನಗಳಲ್ಲಿ ಕಾದಂಬರಿ ಓದುವ ಪುರುಸೊತ್ತು ಯಾರಿಗಿತ್ತು ಎಂದು ಜಾಡಿಸಿದರು. ಅವರು ತೀರಿಕೊಂಡ ಮೇಲೆ ಅವರದೇ ಗ್ರಂಥಭಂಡಾರದಲ್ಲಿ ಒಂದು ಕಾದಂಬರಿ ಸಿಕ್ಕಿತು. 1812ರ ಸೆಪ್ಟೆಂಬರಿನಲ್ಲಿ, ಮಾಸ್ಕೋದಲ್ಲಿ, ಗಾಯಗೊಂಡು ಫ್ರೆಂಚರ ಸೆರೆಯಲ್ಲಿದ್ದಾಗ ಓದಿದ್ದೆಂದು ಅದರ ಮೇಲೆ ಅವರ ಕೈಬರಹ. ಸಾಕ್ಷಿದಾರರೆಂದು ಯಾರನ್ನೂ ಪೂರ್ತಿ ನಂಬಬೇಡಿ, ನನ್ನನ್ನೂ ಸೇರಿಸಿ.

ಸಂಜೆ ಓದು

ಭಾನುವಾರ ಇಷ್ಟನ್ನೂ ಓದಿ ಹೇಳುತ್ತೇನೆ. ಮೂರನೆಯವರು ಒಪ್ಪುತ್ತಾರೆಂಬ ಭರವಸೆ ಇಲ್ಲ. ಕೊನೆಯದಾಗಿ ಒಂದು: ಕಾದಂಬರಿಯ ಆ ಪುಂಡ ಅಧಿಕಾರಿ ದೊಲೊಹೋವ್‌ಗೂ ಇದೇ ಅವಸ್ಥೆಯೇ?

ಅಡಿಟಿಪ್ಪಣಿ

ಅವನ ವಿಷಯಕ್ಕೆ ಬೇರೆಯೇ ಚರ್ಚೆ ಬೇಕು. ಸದ್ಯಕ್ಕೆ ಎರಡು ಹೆಸರು ಬರೆದಿಟ್ಟುಕೊಳ್ಳಿ. ಒಬ್ಬರು ಲೇಖಕರ ತಂದೆಯ ದಾಯಾದಿ ಸಹೋದರ ಫ್ಯೋದೊರ್ ಟಾಲ್‌ಸ್ಟಾಯ್. ಜೂಜು, ದ್ವಂದ್ವಯುದ್ಧಗಳಿಗೆ ಹೆಸರಾದವರು, ಕ್ರುಜೆನ್‌ಸ್ಟೆರ್ನ್ ಅವರ ಭೂಪ್ರದಕ್ಷಿಣೆಯ ಹಡಗಿನಿಂದ ಪುಂಡಾಟಕ್ಕಾಗಿ ಹೊರದಬ್ಬಿಸಿಕೊಂಡು, ಮೈತುಂಬ ಹಚ್ಚೆಯೊಡನೆ ಸೈಬೀರಿಯಾದ ಹಾದಿಯಾಗಿ ಮನೆಗೆ ಮರಳಿದವರು. ಇನ್ನೊಬ್ಬರು ಗೆರಿಲ್ಲಾ ನಾಯಕ ಅಲೆಕ್ಸಾಂಡರ್ ಫಿಗ್ನರ್, ವೇಷ ಮರೆಸಿಕೊಂಡು ಫ್ರೆಂಚರ ಶಿಬಿರದೊಳಗೆ ಹೋಗಿಬರುತ್ತಿದ್ದವರು, ಕೈದಿಗಳನ್ನು ಉಳಿಸದ ಕ್ರೂರಿ ಎಂದು ದವೀದೋವ್ ಅವರೇ ದೂರಿದವರು. ಪೇತ್ಯಾನನ್ನು ಕರೆದುಕೊಂಡು ದೊಲೊಹೋವ್ ಫ್ರೆಂಚ್ ಸಮವಸ್ತ್ರದಲ್ಲಿ ಶತ್ರುಗಳ ಬೆಂಕಿಯ ಬಳಿ ಕೂತು ಹರಟುವ ಅಧ್ಯಾಯಕ್ಕೆ ಬಂದಾಗ ಹೇಳಿ, ಅಲ್ಲಿಂದ ಶುರು ಮಾಡೋಣ.